ಸಾಕಿದ್ದಲ್ಲ, ಸಿಕ್ಕಿದ್ದು

ಟೈಲರಕ್ಕನಿಗೆ ಬಟ್ಟೆ ಕೊಡುವುದಕ್ಕೆ ಜನ ಹೆದರುತ್ತಿರಲಿಲ್ಲ, ಹೊಲಿದಾದ ಮೇಲೆ ಒಯ್ಯುವುದಕ್ಕೆ ಹೆದರುತ್ತಿದ್ದರು. ಪ್ಯಾಂಟು ಕೇಳಿ ಬಂದವರ ಕೈಗೆ ಪ್ಯಾಂಟಿನ ಜೊತೆ ಒಂದು ಬೆಕ್ಕಿನ ಮರಿಯೂ ಬರುತ್ತಿತ್ತು. “ಇದೇನಕ್ಕ?” ಎಂದರೆ “ಕೂಲೀಲೇ ಸೇರಿದೆ, ಇಟ್ಕೊಳ್ಳಿ” ಎನ್ನುತ್ತಿದ್ದಳು. ಬೀದಿಯ ಅರ್ಧ ಮನೆಗಳು ಹೀಗೆ ಅವಳ ಬೆಕ್ಕಿಗೆ ಬೀಗರಾಗಿದ್ದವು. ಉಳಿದರ್ಧ ಮನೆಯವರು ರೆಡಿಮೇಡ್ ಹಾಕಲು ಶುರುಮಾಡಿದ್ದರು.

ಬೆಕ್ಕಿನ ಹೆಸರು ಮೇಸ್ತ್ರಿ. ಕಟಿಂಗ್ ಟೇಬಲ್ಲಿನ ಮೂಲೆಯಲ್ಲಿ ಕೂತು, ಬೇರೆಯವರು ಮಾಡುವ ಕೆಲಸವನ್ನು ದಿನವಿಡೀ ಅತೃಪ್ತಿಯಿಂದ ನೋಡುವ ಪ್ರಾಣಿಗೆ ಇನ್ನೇನು ಹೆಸರಿಡುವುದು? ಹೆಣ್ಣು ಬೆಕ್ಕಿಗೆ ಗಂಡಸಿನ ಪದವಿ ಏಕೆ ಎಂದು ಯಾರೂ ಕೇಳಲಿಲ್ಲ. ಪದವಿ ಸಿಕ್ಕಿದ ಮೇಲೆ ಮೇಸ್ತ್ರಿ ರಾತ್ರಿ ಪಾಳಿಯಲ್ಲಿ ಇಲಿ ಹಿಡಿಯುತ್ತಿತ್ತು, ಹಗಲು ಮಲಗುತ್ತಿತ್ತು, ಬಿಡುವಿದ್ದಾಗ ಮರಿ ಹಾಕುತ್ತಿತ್ತು. ಬಿಡುವು ಅದಕ್ಕೆ ಬೇಕಾದಷ್ಟಿತ್ತು.

ಮೂರನೆಯ ಬಾರಿ ಮರಿ ಹಾಕಲು ಅದು ಆರಿಸಿಕೊಂಡದ್ದು ಒಬ್ಬ ಲಾಯರಿನ ಉಣ್ಣೆಯ ಕೋಟನ್ನು. ಇಸ್ತ್ರಿಯಾಗಿ, ಮಡಚಿ, ಕಪಾಟಿನಲ್ಲಿ ಕಾಯುತ್ತಿದ್ದ ಕೋಟು. ಲಾಯರು ಬಂದು ನೋಡಿದ. ಕೋಟನ್ನು ತೆಗೆದುಕೊಳ್ಳಲಿಲ್ಲ, ಮರಿಯನ್ನೂ ತೆಗೆದುಕೊಳ್ಳಲಿಲ್ಲ, ಕೊಟ್ಟಿದ್ದ ಅಡ್ವಾನ್ಸನ್ನು ಮಾತ್ರ ತೆಗೆದುಕೊಂಡು ಹೋದ.

ಅದೇ ಸಂಜೆ ಕೆಳಗಿನಿಂದ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಕಟ್ಟಡ ಅವರದು. ನೆಲಮಹಡಿಯಲ್ಲಿ ಅವರ ಬೈಂಡಿಂಗ್ ಅಂಗಡಿ, ಅದರ ಹಿಂದೆ ಮನೆ. ಮೇಲಿನ ಎರಡು ಕೋಣೆ ಟೈಲರಕ್ಕನಿಗೆ ಬಾಡಿಗೆಗೆ: ಮುಂದಿನದರಲ್ಲಿ ಮಿಶನ್ನು, ಹಿಂದಿನದರಲ್ಲಿ ಒಲೆ ಮತ್ತು ಅವ್ವನ ಮಂಚ. ಯಜಮಾನರು ಶಾಲೆಗಳ ರಿಜಿಸ್ಟರು, ಲೈಬ್ರರಿಯ ಹರಿದ ಪುಸ್ತಕ ಎಲ್ಲವನ್ನೂ ಮೈದಾಹಿಟ್ಟಿನ ಅಂಟು ಹಚ್ಚಿ ಕಟ್ಟುತ್ತಿದ್ದರು. ಮನುಷ್ಯರು ಪುಸ್ತಕ ಬಿಟ್ಟು ಎಷ್ಟು ಕಾಲವಾಗಿದ್ದರೂ ಇಲಿಗಳು ಬಿಟ್ಟಿರಲಿಲ್ಲ. ಅಂಟಿನ ರುಚಿಗೆ ಪುಸ್ತಕದ ಬೆನ್ನನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಶ್ರದ್ಧೆಯಿಂದ ಮುಗಿಸುತ್ತಿದ್ದವು. ಮೇಸ್ತ್ರಿ ಬಂದ ಮೇಲೆಯೇ ಆ ಓದು ನಿಂತದ್ದು.

“ನೋಡಿ ಟೈಲರಮ್ಮ, ಬೆಕ್ಕಿನ ಮೇಲೆ ನಂಗೆ ಯಾವ ದ್ವೇಷಾನೂ ಇಲ್ಲ,” ಎಂದರು ಯಜಮಾನರು, ದ್ವೇಷ ಇರುವವರ ದನಿಯಲ್ಲಿ. “ಬೆಕ್ಕು ಇರ್ಲಿ. ಆದ್ರೆ ಇನ್ನೊಂದ್ಸಲ ಮರಿ ಹಾಕ್ತೋ, ತಾಯಿ ಮಕ್ಳು ಎಲ್ಲಾ ಸೇರಿಸಿ ಒಂದು ಗೋಣಿಚೀಲ. ರದ್ದಿ ಲಾರೀಲಿ ಕಳಿಸಿಬಿಡ್ತೀನಿ. ಆ ಲಾರಿ ಎಲ್ಲಿಗೆ ಹೋಗುತ್ತೋ ನಂಗೂ ಗೊತ್ತಿಲ್ಲ.”

ಒಳಗಿನಿಂದ ಅವ್ವ ಕೂಗಿದಳು: “ಇಲಿ ಹಿಡಿಯೋವಾಗ ನಿನ್ನ ಬೆಕ್ಕು, ಮರಿ ಹಾಕೋವಾಗ ನಮ್ಮ ಬೆಕ್ಕು. ಚೆನ್ನಾಗಿದೆ ಕಣಪ್ಪ ನಿನ್ನ ಪಾಲುದಾರಿಕೆ!”

“ಅಮ್ಮಾ, ನೀವು ದೊಡ್ಡೋರು, ನಿಮ್ಗೆ ಏನೂ ಅನ್ನಲ್ಲ.”

“ಅನ್ನು, ಅನ್ನು. ಕಿವಿ ಸರಿಯಾಗಿ ಕೇಳಲ್ಲ ನಂಗೆ.”

ಯಜಮಾನರು ಒಂದು ಮಾತು ಹೇಳಿದರೆ ಮಾಡುವ ಜಾತಿ ಎಂದು ಟೈಲರಕ್ಕನಿಗೆ ಗೊತ್ತಿತ್ತು, ಒಳ್ಳೆಯದನ್ನಲ್ಲ, ಇಂಥದ್ದನ್ನು. ಬೆಕ್ಕು ಹೋದರೆ ಇಲಿ ಮೇಲಕ್ಕೂ ಬರುತ್ತದೆ. ಗಿರಾಕಿಗಳ ಬಟ್ಟೆ ಕಪಾಟಿನಲ್ಲಿ ತುಂಬಿರುವ ಕೋಣೆಯಲ್ಲಿ ಬೆಕ್ಕಿಲ್ಲದೆ ಬದುಕುವುದೆಂದರೆ ಬಾಗಿಲಿಲ್ಲದ ಬ್ಯಾಂಕು ನಡೆಸಿದ ಹಾಗೆ. ಅಂದರೆ ಬೆಕ್ಕು ಇರಬೇಕು, ಮರಿ ಇರಬಾರದು. ಲೆಕ್ಕ ಇಷ್ಟೇ. ಪ್ರೀತಿಗೀತಿ ಏನೂ ಇಲ್ಲ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಹೇಳುತ್ತಾ, ಮೀನಿನ ತಲೆಯ ಮುಳ್ಳು ಬಿಡಿಸಿ ಮೇಸ್ತ್ರಿಯ ತಟ್ಟೆಗೆ ಹಾಕುತ್ತಿದ್ದಳು.

ಮರಿಗಳು ಹಾಲು ಬಿಟ್ಟು, ಕೊನೆಯ ಮರಿ ಒಬ್ಬ ಪೋಸ್ಟ್‌ಮ್ಯಾನಿನ ಯೂನಿಫಾರ್ಮಿನ ಜೊತೆ ಸಾಗಹಾಕಲ್ಪಟ್ಟ ಮೇಲೆ ಅವಳು ಆಪರೇಷನ್ನಿಗೆ ಹೊರಟಳು.

ಮೊದಲು ಹೋದದ್ದು ಮುಖ್ಯರಸ್ತೆಯ ಕ್ಲಿನಿಕ್ಕಿಗೆ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಗೋಡೆಯಲ್ಲಿ ಮೀನಿನ ತೊಟ್ಟಿ. ಬೆಕ್ಕುಗಳು ಬರುವ ಜಾಗದಲ್ಲಿ ಮೀನಿನ ತೊಟ್ಟಿ ಇಡುವವರಿಗೆ ದುಡ್ಡು ಹೆಚ್ಚಾಗಿರಬೇಕು ಎಂದು ಅವಳು ಆಗಲೇ ತಿಳಿದುಕೊಳ್ಳಬೇಕಿತ್ತು. ಕೌಂಟರಿನ ಹುಡುಗಿ ನಗುತ್ತಾ ಕೇಳಿದಳು: “ನೀವು ಬೆಕ್ಕಿನ ಮಮ್ಮಿನಾ?”

“ಅಲ್ಲ, ಟೈಲರ್.”

“ಬ್ರೀಡ್ ಯಾವುದು?”

“ಬೆಕ್ಕು.”

ಹುಡುಗಿ ಒಂದು ಬಣ್ಣದ ಹಾಳೆ ಮುಂದಿಟ್ಟಳು. ರಕ್ತಪರೀಕ್ಷೆ, ಅರಿವಳಿಕೆ, ಆಪರೇಷನ್, ಆಮೇಲೆ ಒಂದು ರಾತ್ರಿ ‘ವಿಶ್ರಾಂತಿ ಸೂಟ್’. ಸೂಟ್ ಎಂದರೆ ತನ್ನ ಲೆಕ್ಕದಲ್ಲಿ ಕೋಟು ಪ್ಯಾಂಟು ಎಂದಷ್ಟೇ ತಿಳಿದಿದ್ದ ಟೈಲರಕ್ಕ ಕೊನೆಯ ಸಾಲಿನ ಮೊತ್ತ ನೋಡಿದಳು. ಅಷ್ಟು ದುಡ್ಡಿಗೆ ಎರಡು ಹೊಸ ಮಿಶನ್ ಬರುತ್ತಿದ್ದವು, ಮೋಟಾರ್ ಸಮೇತ.

“ಕಮ್ಮಿದು ಏನಾದ್ರೂ?”

“ಇದೇ ಕಮ್ಮಿದು ಮ್ಯಾಮ್. ಇದ್ರಲ್ಲಿ ಹಲ್ಲು ಕ್ಲೀನಿಂಗ್ ಬರಲ್ಲ.”

ಅವ್ವನ ಹಲ್ಲನ್ನೇ ಯಾರೂ ಕ್ಲೀನ್ ಮಾಡಿಸಿರಲಿಲ್ಲ. ಟೈಲರಕ್ಕ ಮೀನುಗಳಿಗೆ ಬಾಯ್ ಹೇಳಿ ಹೊರಬಂದಳು.

ಎರಡನೆಯದು ಸರ್ಕಾರಿ ಪಶು ಆಸ್ಪತ್ರೆ. ಅಲ್ಲಿ ಎಲ್ಲವೂ ಬಿಟ್ಟಿ ಎಂದು ಗೋಡೆಯ ಮೇಲೆ ಬರೆದಿತ್ತು, ಎಲ್ಲವೂ ಏನೇನು ಎಂದು ಬರೆದ ಭಾಗದ ಸುಣ್ಣ ಉದುರಿತ್ತು. ಬೆಂಚಿನ ಮೇಲೆ ಕಾಂಪೌಂಡರ್ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

“ಆಪರೇಷನ್ ಮಾಡ್ತೀವಿ. ಯಾಕ್ ಮಾಡಲ್ಲ? ಧಾರಾಳವಾಗಿ ಮಾಡ್ತೀವಿ,” ಎಂದ. “ಥಿಯೇಟರ್ ಬೀಗ ಹಾಕಿದೆ. ಕೀ ಡಾಕ್ಟರ್ ಹತ್ರ ಇದೆ.”

“ಡಾಕ್ಟರ್ ಎಲ್ಲಿ?”

“ಬೇರೆ ಊರಿಗೆ ಡ್ಯೂಟಿ ಮೇಲೆ ಹಾಕಿದ್ದಾರೆ.”

“ಕೀ ಬಿಟ್ಟು ಹೋಗಬಾರ್ದಿತ್ತಾ?”

“ಕೀ ಕಳೆದ್ರೆ ಜವಾಬ್ದಾರಿ ಯಾರದು?” ಕಾಂಪೌಂಡರ್ ಎಡಗೈ ಮುಗಿಸಿ ಬಲಗೈಗೆ ಬಂದ. “ಬಂದ್ರೂ ಅಷ್ಟೇ, ಗ್ಲೌಸು, ಇಂಜೆಕ್ಷನ್ನು, ದಾರ ನೀವೇ ತರ್ಬೇಕು.”

“ದಾರ ಇದೆ.”

“ಆ ದಾರ ಅಲ್ಲಕ್ಕ!” ಎಂದು ನಕ್ಕ ಕಾಂಪೌಂಡರ್‌ಗೆ ಅವಳ ಮೇಲೆ ಕರುಣೆ ಬಂತೋ ಏನೋ, ದನಿ ತಗ್ಗಿಸಿದ. “ಒಂದು ಕೆಲ್ಸ ಮಾಡಿ. ಹಳೇ ಗೋಡೌನ್ ಪಕ್ಕ ಪ್ರಾಣಿಗಳ ಟ್ರಸ್ಟ್ ಒಂದಿದೆ. ಸಾಕಿದ್ದು ಅಂದ್ರೆ ಚಾರ್ಜು. ಬೀದೀಲಿ ಸಿಕ್ಕಿದ್ದು ಅಂದ್ರೆ ಬಿಟ್ಟಿ. ಆಪರೇಷನ್ ಮಾಡಿ, ಕಿವಿ ತುದಿ ಸ್ವಲ್ಪ ಕತ್ತರಿಸಿ, ಹಿಡಿದ ಜಾಗಕ್ಕೇ ವಾಪಸ್ ಬಿಡ್ತಾರೆ. ನಿಮ್ಮ ಬೆಕ್ಕು ಸಾಕಿದ್ದಾ, ಸಿಕ್ಕಿದ್ದಾ, ಬೆಕ್ಕಂತೂ ಹೇಳಲ್ಲ.”

ಮನೆಗೆ ಬಂದು ಅವಳು ಸಾಧಕಬಾಧಕ ಎಲ್ಲವನ್ನೂ ಅವ್ವನ ಮುಂದಿಟ್ಟಳು. ಅವ್ವ ಸುಳ್ಳಿನ ವಿಷಯದಲ್ಲಿ ಅನುಭವಸ್ಥೆ. ಗಂಡ ಸಾಲಗಾರರಿಗೆ ಹೆದರಿ ಮಂಚದಡಿ ಮಲಗಿದ್ದಾಗ ಬಾಗಿಲಲ್ಲಿ ನಿಂತು ಅವನ ತಿಥಿಯ ದಿನಾಂಕ ಹೇಳಿದವಳು.

“ಸುಳ್ಳು ಚಿಕ್ಕದಾಗಿರ್ಬೇಕು ಕಣೇ,” ಎಂದಳು. “ಕೇಳಿದಷ್ಟಕ್ಕೇ ಉತ್ತರ. ಸಾಕಿದ್ದಾ ಅಂದ್ರೆ, ಸಾಕಿದ್ದಲ್ಲ, ಸಿಕ್ಕಿದ್ದು. ಎಲ್ಲಿ ಅಂದ್ರೆ, ರಸ್ತೇಲಿ. ಯಾವಾಗ ಅಂದ್ರೆ, ನಿನ್ನೆ. ಮುಗೀತು. ಬಾಯಿ ಮುಚ್ಕೊಂಡ್ ನಿಂತ್ಕೋ.”

ಬೆಕ್ಕನ್ನು ಬೀದಿ ಬೆಕ್ಕಿನ ಹಾಗೆ ಮಾಡುವ ಕೆಲಸ ಅಷ್ಟು ಸುಲಭವಾಗಿರಲಿಲ್ಲ. ಒಲೆಯ ಮಸಿ, ಮೆಟ್ಟಿಲ ಧೂಳು ಎರಡನ್ನೂ ಸೇರಿಸಿ ಅವ್ವ ಅದರ ಬೆನ್ನಿಗೆ ಸವರಿದಳು. ಮೇಸ್ತ್ರಿ ಅವಳನ್ನು ಒಮ್ಮೆ ನೋಡಿ, ಟೇಬಲ್ಲು ಹತ್ತಿ, ನೆಕ್ಕಲು ಕೂತು, ಊಟದ ಹೊತ್ತಿಗೆ ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು.

ಆಮೇಲೆ ಒಯ್ಯುವುದು ಯಾವುದರಲ್ಲಿ ಎಂಬ ಪ್ರಶ್ನೆ ಬಂತು. “ಸಿಮೆಂಟ್ ಚೀಲಕ್ಕೆ ಹಾಕಿ ಬಾಯಿ ಕಟ್ಟು,” ಎಂದಳು ಅವ್ವ. “ಬೀದಿ ಬೆಕ್ಕು ಹಂಗೇ ಹೋಗೋದು.”

ಅದು ಸರಿಯಾದ ಸಲಹೆ. ಟೈಲರಕ್ಕ ಸಿಮೆಂಟ್ ಚೀಲವನ್ನು ಕೈಗೆತ್ತಿಕೊಂಡಳು ಕೂಡ. ಅದರ ಬದಿಯ ಹೊಲಿಗೆ ನೋಡಿದಳು. ದೊಡ್ಡ ದೊಡ್ಡ ಟಾಕಾ, ಒಂದು ಎಳೆ ಎಳೆದರೆ ಇಡೀ ಚೀಲ ಬಾಯಿ ಬಿಡುವಂಥದ್ದು. ದಾರಿಯಲ್ಲಿ ಬಿಚ್ಚಿಕೊಂಡರೆ? ನಾಲ್ಕು ಜನ ನೋಡಿದರೆ? ಟೈಲರ್ ಕೈಯಲ್ಲಿ ಇಂಥ ಚೀಲವೇ ಎಂದರೆ? ಒಂದು ಬದಿ ಗಟ್ಟಿ ಮಾಡೋಣ ಎಂದು ಮಿಶನ್ನಿಗೆ ಕೂತಳು. ಬದಿ ಗಟ್ಟಿಯಾದ ಮೇಲೆ ತಳ ಜೋತುಬಿತ್ತು. ತಳ ಸರಿಮಾಡುವ ಬದಲು ಹೊಸದೇ ಹೊಲಿಯುವುದು ಸುಲಭ ಎನ್ನಿಸಿತು. ಲಾಯರು ಬಿಟ್ಟುಹೋದ ಕೋಟು ಹೇಗೂ ಬಿದ್ದಿತ್ತು. ಅದರ ಉಣ್ಣೆ ಹೊರಗೆ, ರೇಷ್ಮೆಯಂಥ ಲೈನಿಂಗ್ ಒಳಗೆ. ಉಸಿರಾಡಲು ಎರಡೂ ಬದಿ ಜಾಲರಿ. ಜಾಲರಿಯ ಅಂಚು ಬರಿದಾಗಿ ಕಂಡದ್ದರಿಂದ ಕೆಂಪು ಪೈಪಿಂಗ್ ಪಟ್ಟಿ. ಸಂಜೆ ಚೀಲ ಸಿದ್ಧವಾದಾಗ ಅದು ಒಬ್ಬ ಮಂತ್ರಿ ಪರದೇಶಕ್ಕೆ ಒಯ್ಯಬಹುದಾದಷ್ಟು ಚೆನ್ನಾಗಿತ್ತು.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದೋರನ್ನ ನೋಡಿದ್ದೆ. ಕೂಸು ಹುಟ್ಟದೆ ಇರ್ಲಿ ಅಂತ ಹೊಲಿದೋಳು ನೀನೇ ಮೊದಲು.”

ಟ್ರಸ್ಟಿನ ಮುಂದೆ ಸಾಲು ಇತ್ತು. ಗುರುಗುಟ್ಟುವ ಗೋಣಿಗಳು, ಹಗ್ಗ ಕಟ್ಟಿದ ಬುಟ್ಟಿಗಳು, ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕಣ್ಣಿನ ಗಂಡುಬೆಕ್ಕು. ಎಲ್ಲರ ಕೈಯಲ್ಲೂ ಪರಚಿದ ಗಾಯ. ಟೈಲರಕ್ಕನ ಕೈ ಮಾತ್ರ ಹೊಸ ರೇಷ್ಮೆಯಷ್ಟು ಶುಭ್ರ. ಮೇಜಿನ ಹಿಂದೆ ಪಾದದ ಗುರುತಿನ ಟೀಶರ್ಟ್ ಹಾಕಿದ ಕಾಲೇಜು ಹುಡುಗಿಯೊಬ್ಬಳು ಬರೆದುಕೊಳ್ಳುತ್ತಿದ್ದಳು. ಟ್ರಸ್ಟಿಗೆ ಸಂಬಳವಿಲ್ಲದೆ ದುಡಿಯುವವಳು, ಆದ್ದರಿಂದ ಯಾರನ್ನೂ ಲೆಕ್ಕಕ್ಕಿಡದವಳು.

“ಸಾಕಿದ್ದಾ ಆಂಟಿ?”

ಮೂವತ್ತನಾಲ್ಕಕ್ಕೆ ಆಂಟಿ. ಟೈಲರಕ್ಕ ನುಂಗಿಕೊಂಡಳು. “ಸಾಕಿದ್ದಲ್ಲ, ಸಿಕ್ಕಿದ್ದು.”

“ಎಲ್ಲಿ?”

“ರಸ್ತೇಲಿ.”

“ಯಾವಾಗ?”

“ನಿನ್ನೆ.”

ಅವ್ವನ ಪಾಠ ಇಲ್ಲಿಗೆ ಮುಗಿದಿತ್ತು. ಹುಡುಗಿ ಪೆನ್ನು ನಿಲ್ಲಿಸಿ ಚೀಲ ನೋಡಿದಳು. ಬೆರಳಿನಿಂದ ಪೈಪಿಂಗ್ ಮುಟ್ಟಿದಳು. “ಇದೆಲ್ಲಿ ತಗೊಂಡ್ರಿ? ಫಾರಿನ್‌ದಾ?”

ಆಗ ಒಂದು ಸಣ್ಣ ಸುಳ್ಳು ಹೇಳಿದ್ದರೆ ಸಾಕಿತ್ತು. ಯಾರೋ ಕೊಟ್ಟರು ಎಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಬೆಕ್ಕು ತನ್ನದಲ್ಲ ಎನ್ನಲು ಬಂದವಳಿಗೆ ಹೊಲಿಗೆ ತನ್ನದಲ್ಲ ಎನ್ನಲು ನಾಲಿಗೆ ಬರಲಿಲ್ಲ.

“ನಾನೇ ಹೊಲಿದೆ.”

“ಬೀದಿ ಬೆಕ್ಕಿಗೆ? ಒಂದೇ ದಿನದಲ್ಲಿ?”

“ಒಂದೇ ಮಧ್ಯಾಹ್ನ,” ಎಂದಳು ಟೈಲರಕ್ಕ. “ಲೈನಿಂಗ್ ಸಮೇತ.”

ಸಿಕ್ಕಿಬಿದ್ದೆ ಎಂದು ಹೊಳೆದದ್ದು ಹೇಳಿಯಾದ ಮೇಲೆ. ಆದರೆ ಹುಡುಗಿಯ ಕಣ್ಣಲ್ಲಿ ಅನುಮಾನದ ಬದಲು ನೀರಿತ್ತು. “ಮೇಡಂ, ಒಂದ್ನಿಮಿಷ ಬನ್ನಿ!” ಎಂದು ಒಳಕ್ಕೆ ಕೂಗಿದಳು.

ಟ್ರಸ್ಟಿನ ಅಧ್ಯಕ್ಷೆ ಬಂದರು. ಎತ್ತರದ ಹೆಂಗಸು, ಕುತ್ತಿಗೆಯಲ್ಲಿ ಎರಡು ಕನ್ನಡಕ; ಒಂದು ಓದಲು, ಇನ್ನೊಂದು ಮರುಗಲು. ಚೀಲವನ್ನು ನೋಡಿದರು, ಕಥೆ ಕೇಳಿದರು, ಎದೆಯ ಮೇಲೆ ಕೈ ಇಟ್ಟುಕೊಂಡರು. “ಒಂದು ಅನಾಥ ಜೀವಕ್ಕೆ! ಮೈಮೇಲೆ ಒಳ್ಳೆ ಬಟ್ಟೆ ಇಲ್ಲ ನಿಮಗೆ, ಅದಕ್ಕೆ ರೇಷ್ಮೆ!”

ಮೈಮೇಲಿನ ಬಟ್ಟೆಯೂ ಟೈಲರಕ್ಕ ತಾನೇ ಹೊಲಿದುಕೊಂಡದ್ದು. ಅದನ್ನೂ ನುಂಗಿಕೊಂಡಳು. ಹುಡುಗಿ ಫೋಟೋ ತೆಗೆದಳು.

ಅಷ್ಟರಲ್ಲಿ ಮೇಸ್ತ್ರಿ ಚೀಲದಿಂದ ಹೊರಬಂದು, ಮೈಮುರಿದು, ಮೇಜಿನ ಮೇಲೆ ನಡೆದು, ಹುಡುಗಿ ಬರೆಯುತ್ತಿದ್ದ ಹಾಳೆಯ ಪಕ್ಕ ಕೂತು ಅವಳ ಅಕ್ಷರವನ್ನು ಅತೃಪ್ತಿಯಿಂದ ನೋಡಲು ಶುರುಮಾಡಿತು.

“ಎಷ್ಟು ಸಾಧು ನೋಡಿ!” ಎಂದರು ಅಧ್ಯಕ್ಷೆ. “ಇದನ್ನ ವಾಪಸ್ ರಸ್ತೆಗೆ ಬಿಡೋದಾ? ನನ್ನ ಹೆಣ ಬೀಳಬೇಕು. ಆಪರೇಷನ್ ಆದ್ಮೇಲೆ ಇದಕ್ಕೊಂದು ಒಳ್ಳೆ ಮನೆ ಹುಡುಕ್ತೀವಿ.”

ಟೈಲರಕ್ಕ ಮೇಸ್ತ್ರಿಯನ್ನು ಎತ್ತಿಕೊಳ್ಳಲು ಕೈ ಚಾಚಿದಳು. “ಬೇಡ ಮೇಡಂ, ಯಾಕೆ ತೊಂದ್ರೆ? ನಾನೇ ಇಟ್ಕೋತೀನಿ.”

“ನಿಮ್ಮಂಥೋರೇ ಬೇಕು! ಆದ್ರೆ ರೂಲ್ ಎಲ್ಲರಿಗೂ ಒಂದೇ. ನಮ್ಮೋರು ಬಂದು ಮನೆ ನೋಡ್ತಾರೆ.”

ನಿಜ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಚಾರ್ಜು ಬೀಳುತ್ತದೆ. ಕರುಣಾಮಯಿ ಎಂದು ಫೋಟೋ ಬೇರೆ ಬಿದ್ದಾಗಿದೆ, ಅದರ ಕೆಳಗೆ ಸುಳ್ಳುಗಾರ್ತಿ ಎಂದು ಬರೆದುಕೊಳ್ಳುತ್ತಾರೆ. ಸಾಲಿನಲ್ಲಿ ಹಿಂದಿದ್ದವನ ಗೋಣಿ ಅವಳ ಕಾಲಿಗೆ ಒದೆಯುತ್ತಿತ್ತು. ಅವಳು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಳು. ತನ್ನ ಬೆಕ್ಕನ್ನು ಕೊಟ್ಟು, ತನ್ನ ಬೆಕ್ಕಿಗೇ ಅರ್ಜಿ ಹಾಕಿದ ಮೊದಲ ಹೆಂಗಸು ಊರಿನಲ್ಲಿ ಅವಳೇ ಇರಬೇಕು.

ಮನೆ ನೋಡಲು ಅದೇ ಹುಡುಗಿ ಬರುವವಳಿದ್ದಳು. ತಾಯಿ ಮಗಳು ಸೇರಿ ಬೆಕ್ಕಿನ ಕುರುಹು ಒಂದೂ ಉಳಿಯದಂತೆ ಅಳಿಸಿದರು. ಹಾಲಿನ ಬಟ್ಟಲು ಕಪಾಟಿಗೆ ಹೋಯಿತು, ಕೂದಲು ಕಸಬರಿಕೆಗೆ ಹೋಯಿತು, ಉಗುರಿನಿಂದ ಕೆರೆದಿದ್ದ ಬಾಗಿಲ ಚೌಕಟ್ಟಿಗೆ ಒಂದು ಪರದೆ ಬಂತು.

ಹುಡುಗಿ ಕಾಲಿಡುತ್ತಲೇ ನೆಲ ನೋಡಿದಳು. “ಆಂಟಿ, ಇದೇನು, ಸೂಜಿ?”

“ಟೈಲರ್ ಮನೇಲಿ ಸೂಜಿ ಇರುತ್ತೆ.”

“ದಾರ ಎಲ್ಲಾ ಕೆಳಗೇ ಬಿದ್ದಿದೆ! ಬೆಕ್ಕು ದಾರ ನುಂಗಿದ್ರೆ ಕರುಳಿಗೆ ಸುತ್ಕೊಳ್ಳುತ್ತೆ, ಗೊತ್ತಾ? ಗುಂಡಿ, ಕತ್ತರಿ, ಇಸ್ತ್ರಿಪೆಟ್ಟಿಗೆ… ಕಿಟಕಿಗೆ ಜಾಲರಿನೂ ಇಲ್ಲ. ಮುಂಚೆ ಬೆಕ್ಕು ಸಾಕಿದ ಅನುಭವ ಇದ್ಯಾ?”

“ಅನುಭವನಾ?” ಎಂದು ಅವ್ವ ಬಾಯಿ ತೆರೆದಳು. ಟೈಲರಕ್ಕ ಅವಳ ತೊಡೆ ಚಿವುಟಿದಳು.

“ಇಲ್ಲ,” ಎಂದಳು. “ಒಂದೂ ಇಲ್ಲ.”

“ಓನರ್ ಒಪ್ಪಿಗೆ?”

“ಅದೂ ಇಲ್ಲ.”

ಹುಡುಗಿಗೆ ನಿಜವಾಗಿಯೂ ಬೇಜಾರಾಯಿತು. “ಆಂಟಿ, ನಿಮ್ಮ ಮನಸ್ಸು ತುಂಬಾ ದೊಡ್ಡದು. ಆದ್ರೆ ಇಲ್ಲಿ ಬೆಕ್ಕು ಒಂದು ವಾರ ಬದುಕಲ್ಲ.”

“ಹೌದಾ ಮಗಳೇ?” ಎಂದಳು ಅವ್ವ. “ಪಾಪ, ಅದಕ್ಕೆ ಯಾರೂ ಹೇಳೇ ಇರ್ಲಿಲ್ಲ.”

“ಯಾವುದಕ್ಕೆ ಅಜ್ಜಿ?”

“ಇಲಿಗೆ.”

ಹೊರಡುವಾಗ ಹುಡುಗಿ ಸಮಾಧಾನದ ಮಾತು ಹೇಳಿದಳು. ಆಪರೇಷನ್ ಚೆನ್ನಾಗಿ ಆಗಿದೆ. ಫೋಟೋ ನೋಡಿ ಒಂದು ಶ್ರೀಮಂತರ ಮನೆಯವರು ಬೆಕ್ಕು ಕೇಳಿದ್ದಾರೆ. ಅಲ್ಲಿ ಬೆಕ್ಕಿಗೇ ಒಂದು ಕೋಣೆ ಇದೆಯಂತೆ. ಶನಿವಾರ ಬಂದು ಕರೆದುಕೊಂಡು ಹೋಗುತ್ತಾರೆ, ಅಷ್ಟರೊಳಗೆ ಬೇರೆ ಒಳ್ಳೆಯ ಮನೆ ಹತ್ತಿರದಲ್ಲೇ ಸಿಗದಿದ್ದರೆ. ಹತ್ತಿರದ್ದಾದರೆ ಟ್ರಸ್ಟಿನವರಿಗೆ ಆಗಾಗ ಹೋಗಿ ನೋಡಲು ಅನುಕೂಲ.

ಟೈಲರಕ್ಕ ಆ ದಿನ ಒಂದು ಶರ್ಟಿನ ಎಡತೋಳನ್ನು ಬಲಕ್ಕೆ ಹಾಕಿದಳು. ಬಿಚ್ಚಿ, ಮತ್ತೆ ಎಡತೋಳನ್ನೇ ಬಲಕ್ಕೆ ಹಾಕಿದಳು. ಅವ್ವ ನೋಡಿಯೂ ನೋಡದ ಹಾಗೆ ಮಂಚದ ಮೇಲೆ ಗೋಡೆಗೆ ತಿರುಗಿ ಮಲಗಿದಳು.

ಅತ್ತ ಇಲಿಗಳಿಗೆ ಸುದ್ದಿ ಮುಟ್ಟಿತ್ತು. ಅವುಗಳಿಗೆ ಯಾವ ಟ್ರಸ್ಟೂ ಮನೆ ಹುಡುಕಿಕೊಡಬೇಕಿರಲಿಲ್ಲ. ಬೆಳಗ್ಗೆ ಯಜಮಾನರು ಕೈಯಲ್ಲೊಂದು ರಿಜಿಸ್ಟರ್ ಹಿಡಿದು ಮೆಟ್ಟಿಲು ಹತ್ತಿದರು. ಅದರ ಬೆನ್ನು ಸಂಪೂರ್ಣ ಮಾಯವಾಗಿತ್ತು; ಹಾಳೆಗಳು ಅನಾಥ ಮಕ್ಕಳ ಹಾಗೆ ಜೋತಾಡುತ್ತಿದ್ದವು.

“ಎಲ್ಲಿ ನಿಮ್ಮ ಬೆಕ್ಕು? ಒಂದು ಶಾಲೆ ಪೂರ್ತಿ ತಿಂದು ಹಾಕಿವೆ! ಡೆಲಿವರಿ ಇದೆ ನಂದು!”

ಟೈಲರಕ್ಕ ಒಂದು ಕ್ಷಣ ರಿಜಿಸ್ಟರನ್ನೂ ಇನ್ನೊಂದು ಕ್ಷಣ ಯಜಮಾನರನ್ನೂ ನೋಡಿದಳು. ಈ ಮನುಷ್ಯನಿಗೆ ಸ್ವಂತ ಮನೆಯಿದೆ. ಸೊಳ್ಳೆಗೆ ಹೆದರಿ ಎಲ್ಲಾ ಕಿಟಕಿಗೂ ಜಾಲರಿ ಹಾಕಿಸಿದ್ದಾನೆ. ಸೂಜಿ ದಾರವನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕುವಷ್ಟು ಜಿಪುಣ. ಟ್ರಸ್ಟಿನ ಕಣ್ಣಿಗೆ ಇವನಿಗಿಂತ ದೊಡ್ಡ ಪ್ರಾಣಿಪ್ರೇಮಿ ಈ ಬೀದಿಯಲ್ಲಿ ಇರಲು ಸಾಧ್ಯವಿಲ್ಲ. ಆ ಯೋಚನೆ ಬಂದಾಗ ಅವಳಿಗೆ ಸಿಟ್ಟು ಬಂತು. ಬೇರೆ ಯೋಚನೆ ಬರುತ್ತದೋ ಎಂದು ಕಾದಳು. ಬರಲಿಲ್ಲ.

“ಯಜಮಾನ್ರೇ, ಬೆಕ್ಕು ಬೇಕಂದ್ರೆ ನೀವೇ ದತ್ತು ತಗೋಬೇಕು.”

“ದತ್ತು? ನಾನಾ? ಹೆತ್ತ ಮಗನ್ನೇ ಯಾರಾದ್ರೂ ತಗೊಂಡ್ರೆ ಕೊಡೋಣ ಅಂತಿದ್ದೀನಿ.”

“ಆಪರೇಷನ್ ಆಗಿದೆ. ಇನ್ನು ಒಂದು ಮರೀನೂ ಹಾಕಲ್ಲ. ಬಿಟ್ಟಿ. ನೀವು ಸಹಿ ಹಾಕಿದ್ರೆ ಸಾಕು.”

ಬಿಟ್ಟಿ ಎಂಬ ಮಾತು ಯಜಮಾನರ ಮುಖದ ಮೇಲೆ ನಿಧಾನವಾಗಿ ಹರಡಿತು. “ನೀವ್ಯಾಕೆ ಬಿಟ್ಕೊಡ್ತಾ ಇದ್ದೀರಿ?” ಎಂದು ಕೇಳಿದರು. ಮೂರ್ಖ ಮನುಷ್ಯನಾದರೂ ಬೈಂಡರು. ಪುಟ ಹಿಂದುಮುಂದಾದರೆ ಗೊತ್ತಾಗುತ್ತಿತ್ತು.

“ನಂಗೆ ಕೊಡಲ್ಲ ಅಂದ್ರು,” ಎಂದಳು ಟೈಲರಕ್ಕ. ಬೆಕ್ಕಿನ ವಿಷಯದಲ್ಲಿ ಆ ವಾರ ಅವಳು ಹೇಳಿದ ಮೊದಲ ನಿಜ ಅದು.

ಅರ್ಜಿ ಅಂದೇ ಹೋಯಿತು. ಮರುದಿನ ಟ್ರಸ್ಟಿಗೆ ಹೋಗುವಾಗ ದಾರಿಯುದ್ದಕ್ಕೂ ಅವಳು ಯಜಮಾನರಿಗೆ ಪಾಠ ಹೇಳಿಕೊಟ್ಟಳು. ಇಲಿ ಎನ್ನಬಾರದು. ಅಂಗಡಿ ಎನ್ನಬಾರದು. ಯಾಕೆ ಬೇಕು ಎಂದರೆ ಪ್ರೀತಿ ಎನ್ನಬೇಕು.

“ಪ್ರೀತಿ,” ಎಂದು ಯಜಮಾನರು ಒಮ್ಮೆ ಹೇಳಿ ನೋಡಿದರು. ಕಹಿ ಮಾತ್ರೆ ನೀರಿಲ್ಲದೆ ನುಂಗಿದವರ ಹಾಗೆ ಮುಖ ಮಾಡಿದರು.

ಟ್ರಸ್ಟಿನಲ್ಲಿ ಅಧ್ಯಕ್ಷೆ ಒಂದೊಂದೇ ಕೇಳಿದರು. ಸ್ವಂತ ಮನೆ, ಹೌದು. ಜಾಲರಿ, ಹೌದು. ಹುಡುಗಿ ಆ ಬೆಳಗ್ಗೆಯೇ ಹೋಗಿ ನೋಡಿಬಂದು ‘ಆದರ್ಶ ಮನೆ’ ಎಂದು ಹೇಳಿದ್ದಳು.

“ಯಾಕೆ ಬೇಕು ನಿಮಗೆ ಬೆಕ್ಕು?”

ಯಜಮಾನರು ಬೆವರಿದರು. ಪಾಠ ಮರೆತಿತ್ತು. “ಅದು… ರಾತ್ರಿ ಹೊತ್ತು… ತುಂಬಾ ಕಷ್ಟ ಆಗುತ್ತೆ ಮೇಡಂ, ಅದು ಇಲ್ದೆ,” ಎಂದು ತೊದಲಿದರು. ನಿಜವನ್ನೇ ಹೇಳಿದ್ದರು, ಇಲಿಯನ್ನು ಮಾತ್ರ ಬಿಟ್ಟಿದ್ದರು.

ಅಧ್ಯಕ್ಷೆ ಮರುಗುವ ಕನ್ನಡಕ ಹಾಕಿಕೊಂಡರು. “ಒಂಟಿತನ,” ಎಂದರು ಮೆಲ್ಲಗೆ.

ಮೇಸ್ತ್ರಿಯನ್ನು ತಂದರು. ಹೊಟ್ಟೆಯ ಕೂದಲು ಬೋಳಿಸಿದ್ದರು. ಎಡಕಿವಿಯ ತುದಿ, ಬಟ್ಟೆಗೆ ಗುರುತಿನ ಕಚ್ಚು ಹಾಕಿದ ಹಾಗೆ, ನೇರವಾಗಿ ಕತ್ತರಿಸಿದ್ದರು. ಟೈಲರಕ್ಕ ಬಗ್ಗಿ ಹೊಟ್ಟೆಯ ಹೊಲಿಗೆಯಲ್ಲಿ ತಪ್ಪು ಹುಡುಕಿದಳು. ಒಂದೂ ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಒಂದು ವಿಷಯಕ್ಕೆ ಅವಳು ಹೆದರಿದ್ದಳು. ಬೆಕ್ಕು ತನ್ನನ್ನು ನೋಡಿ ಓಡಿಬಂದು ಕಾಲಿಗೆ ಮೈ ಉಜ್ಜಿದರೆ ಎಲ್ಲಾ ಬಯಲಾಗುತ್ತದೆ. ಅದಕ್ಕೇ ಬಾಗಿಲ ಹತ್ತಿರ, ಮೂರನೆಯವಳ ಹಾಗೆ, ಕೈಕಟ್ಟಿ ನಿಂತಳು. ಮೇಸ್ತ್ರಿ ಅವಳತ್ತ ತಲೆ ಎತ್ತಿತು. ನೋಡಿತು. ಬಾಡಿಗೆ ಕಟ್ಟದವರನ್ನು ನೋಡುವ ಹಾಗೆ ನೋಡಿ, ಅವಳನ್ನು ದಾಟಿ, ಯಜಮಾನರ ತೊಡೆ ಹತ್ತಿ, ಬೆರಳ ಸಂದಿಯ ಒಣಗಿದ ಮೈದಾ ಅಂಟನ್ನು ಒಂದೊಂದಾಗಿ ನೆಕ್ಕಲು ಕೂತಿತು.

“ನೋಡಿದ್ರಾ!” ಹುಡುಗಿಯ ದನಿ ಒಡೆಯಿತು. “ಅದೇ ಆರಿಸಿಕೊಳ್ತು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಟೈಲರಕ್ಕನೂ ತಟ್ಟಿದಳು. ಎಷ್ಟೋ ಮೀನಿನ ತಲೆಗಳು ಅವಳ ಕಣ್ಣ ಮುಂದೆ ಹಾದುಹೋದವು.

ಹೊರಡುವ ಮುನ್ನ ಅಧ್ಯಕ್ಷೆ ಯಜಮಾನರಿಂದ ಸಹಿ ಹಾಕಿಸಿಕೊಂಡರು: ಬಿಟ್ಟುಬಿಡುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಹೊಟ್ಟೆ ತುಂಬ ಹಾಕಬೇಕು, ಟ್ರಸ್ಟಿನವರು ಹೇಳದೆ ಕೇಳದೆ ಬಂದು ನೋಡಬಹುದು. “ಇನ್ನೊಂದು ಮಾತು,” ಎಂದು ಅವರ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು. “ಮೇಲಿನ ಟೈಲರ್ ರೂಮಿಗೆ ಮಾತ್ರ ಬಿಡಬೇಡಿ. ಅವರು ಒಳ್ಳೆಯವರು. ಆದ್ರೆ ಬೆಕ್ಕು ಸಾಕೋಕೆ ಬರಲ್ಲ.”

ಮನೆಗೆ ಬಂದ ಮೇಸ್ತ್ರಿ ಕೆಳಗೆ ಯಜಮಾನರ ಹಾಲು ಕುಡಿಯಿತು. ಬಾಯಿ ಒರೆಸಿಕೊಂಡು, ಮೆಟ್ಟಿಲು ಹತ್ತಿ, ಕಟಿಂಗ್ ಟೇಬಲ್ಲಿನ ಮೂಲೆಯಲ್ಲಿ ಕ್ಷಮೆ ಗಿಮೆ ಏನೂ ಕೇಳದೆ ಮಲಗಿತು. ಅವ್ವ ಅದರ ಕತ್ತರಿಸಿದ ಕಿವಿಯನ್ನು ಹೆಬ್ಬೆಟ್ಟಿನಿಂದ ಸವರಿ, “ಬಂದ್ಯಾ ಮುಂಡೇದೇ,” ಎಂದಳು. ರಾತ್ರಿ ಎರಡೂ ಮಹಡಿಯಲ್ಲಿ ಕೆಲಸ ನಡೆಯಿತು. ಟ್ರಸ್ಟಿನ ಗೋಡೆಯ ಮೇಲೆ ಯಜಮಾನರ ಫೋಟೋ ಬಂತು, ‘ಈ ತಿಂಗಳ ಮಮತೆಯ ಮುಖ’ ಎಂಬ ಬರಹದ ಕೆಳಗೆ. ಅದರ ಒಂದು ಪ್ರತಿ ತಂದು ಅಂಗಡಿಯಲ್ಲೂ ಕಟ್ಟು ಹಾಕಿಸಿ ತೂಗುಹಾಕಿದರು. ಕಟ್ಟು ಅಂದವಾಗಿತ್ತು, ಮುಖಕ್ಕೆ ಏನೂ ಮಾಡುವ ಹಾಗಿರಲಿಲ್ಲ.

ಮಮತೆಯ ಮುಖ ತಿಂಗಳು ಮುಗಿಯುವ ಮೊದಲೇ ಮೆಟ್ಟಿಲು ಹತ್ತಿ ಬಂತು.

“ಟೈಲರಮ್ಮ, ನ್ಯಾಯ ಅಂದ್ರೆ ನ್ಯಾಯ,” ಎಂದರು ಯಜಮಾನರು. “ಬೆಕ್ಕು ನಂದು. ಕಾಗದ ಇದೆ. ಹಾಲು ನಂದು. ಅದು ಬಂದು ಕಾಯೋದು ನಿಮ್ಮ ಬಟ್ಟೆ. ಬಾಡಿಗೇಲಿ ಏನಾದ್ರೂ ಸ್ವಲ್ಪ ಸೇರಿಸಿದ್ರೆ…”

ಟೈಲರಕ್ಕ ಮಿಶನ್ ನಿಲ್ಲಿಸಿದಳು. “ಬೆಕ್ಕನ್ನ ಬಾಡಿಗೆಗೆ ಬಿಡ್ತೀರಾ?”

“ಬಾಡಿಗೆ ಅಂತಲ್ಲ…”

“ಅಲ್ಲ ಅಂದ್ರೆ ಏನು? ಸರಿ ಬಿಡಿ. ನಾಳೆ ಟ್ರಸ್ಟಿಗೆ ಹೋಗಿ ಹೇಳ್ತೀನಿ. ಸೂಜಿ ದಾರ ಇರೋ ರೂಮಿಗೆ ಬಿಡಬೇಡಿ ಅಂದಿದ್ರಲ್ಲ, ದುಡ್ಡಿಗೆ ಬಿಡ್ತಾ ಇದ್ದಾರೆ ಅಂತ.”

“ಹಂಗಂದ್ರೆ ಬೆಕ್ಕನ್ನೇ ತಗೊಂಡು ಹೋಗ್ತಾರೆ!”

“ಹೋಗ್ಲಿ. ನಿಮ್ದು ತಾನೇ.”

“ನಿಮ್ಮ ಬಟ್ಟೆನೂ ಇಲಿ ತಿನ್ನುತ್ತೆ ಟೈಲರಮ್ಮ.”

“ತಿನ್ನುತ್ತೆ. ಮೊದ್ಲು ಕೆಳಗೆ ಊಟ ಮುಗಿಸಿ ಆಮೇಲೆ ಮೇಲೆ ಬರುತ್ತೆ. ಅಂಟು ಇರೋವಾಗ ಉಣ್ಣೆ ಯಾವ ಇಲಿ ತಿನ್ನುತ್ತೆ?”

ಅವಳು ಮಾತಾಡುವಾಗ ಟೇಬಲ್ಲಿನ ಮೂಲೆಯತ್ತ ನೋಡಲಿಲ್ಲ. ನೋಡಿದ್ದರೆ ದನಿ ಕೈಕೊಡುತ್ತಿತ್ತು. ಒಳಗಿನಿಂದ ಅವ್ವ, ಕಿವಿ ಕೇಳದವಳು, “ಆ ಮೇಡಂ ನಂಬರ್ ಎಲ್ಲಿಟ್ಟಿದ್ದೀಯೇ?” ಎಂದು ಕೂಗಿದಳು. ಅವರ ಹತ್ತಿರ ಯಾವ ನಂಬರೂ ಇರಲಿಲ್ಲ.

ಯಜಮಾನರು ಬಾಗಿಲ ಚೌಕಟ್ಟು ಹಿಡಿದು ನಿಂತು, ಲೆಕ್ಕ ಹಾಕಿ, ಸೋತರು. “ಸುಮ್ನೆ ಒಂದು ಮಾತು ಅಂದೆ. ಅಷ್ಟಕ್ಕೇ…” ಎಂದರು. ಮರ್ಯಾದೆ ಉಳಿಸಿಕೊಳ್ಳಲು ಬೆಕ್ಕಿನತ್ತ ಕೈ ಚಾಚಿ, “ಬಾ, ಮನೆಗೆ ಹೋಗೋಣ,” ಎಂದರು. ಆ ಕೈಯನ್ನು ಬೆಳಗ್ಗೆಯಷ್ಟೇ ಸೋಪು ಹಚ್ಚಿ ತೊಳೆದಿದ್ದರು. ಮೇಸ್ತ್ರಿ ಮೂಸಿ, ಮುಖ ತಿರುಗಿಸಿ, ಹೊಸದಾಗಿ ಹಾಸಿದ್ದ ಗಿರಾಕಿಯೊಬ್ಬನ ಶರ್ಟಿನ ಬಟ್ಟೆಯ ನಟ್ಟನಡುವೆ ಹೋಗಿ ಸುರುಳಿ ಸುತ್ತಿಕೊಂಡಿತು.

ಯಜಮಾನರು ಒಬ್ಬರೇ ಇಳಿದುಹೋದರು. ಮೆಟ್ಟಿಲ ಸದ್ದು ನಿಂತ ಮೇಲೆ ಟೈಲರಕ್ಕ ಕತ್ತರಿ ತೆಗೆದುಕೊಂಡಳು. ಬೆಕ್ಕನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ, ಸುತ್ತ ಬಿಟ್ಟು ಕತ್ತರಿಸಿದಳು. ಆ ಶರ್ಟಿಗೆ ತೋಳು ಗಿಡ್ಡವಾಯಿತು. ಬಟ್ಟೆ ಕಮ್ಮಿ ಕೊಟ್ಟಿದ್ದೀರಿ ಎಂದು ಗಿರಾಕಿಯನ್ನೇ ಬೈದಳು. ಅವನು ನಂಬಿ, ಕ್ಷಮೆ ಕೇಳಿ ಹೋದ.